ಹಗುರ ಎಂದರೆ ಯಾವ ತಕ್ಕಡಿಯಲ್ಲಿ?

ಮಾನ್ಯರೆ,

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಪತ್ರಿಕೆಗಳ ಪ್ರವಾಸ ಪುರವಣಿಗಳಲ್ಲಿ ನೇತ್ರಾಣಿ ದ್ವೀಪ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲೊಳಗಿರುವ ಆ ಬಂಡೆಗಳ ಸುತ್ತ ಯಾವ ಮೀನು ಕಾಣುತ್ತದೆ, ದೋಣಿ ಎಷ್ಟು ಗಂಟೆಗೆ ಹೊರಡುತ್ತದೆ, ಊಟ ಎಲ್ಲಿ ಚೆನ್ನ, ಎಲ್ಲವೂ ಇರುತ್ತದೆ. ಸ್ಕೂಬಾ ಡೈವಿಂಗಿಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದಕ್ಕೆ, ಯಾವ ಸಾಮಾನು ತೊಟ್ಟು ನೀರಿಗಿಳಿಯಬೇಕು ಎಂಬುದು ಮಾತ್ರ ಇರುವುದಿಲ್ಲ. ಒಮ್ಮೆ ಮೋಜಿಗೆಂದು ತರಬೇತುದಾರರ ಕೈ ಹಿಡಿದು ಮುಳುಗಿ ಬರುವವರಿಗೆ ಅದು ಬೇಕಾಗಿಯೂ ಇಲ್ಲ. ಅಲ್ಲಿ ಕೊಟ್ಟದ್ದನ್ನು ತೊಟ್ಟರಾಯಿತು. ಆದರೆ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿ, 18 ಮೀಟರ್ ಆಳದವರೆಗೆ ಇಳಿಯುವ ಕಾರ್ಡ್ ಪಡೆದು, ಈ ವರ್ಷ ನೇತ್ರಾಣಿ, ಮುಂದಿನ ವರ್ಷ ಅಂಡಮಾನ್ ಎಂದು ಲೆಕ್ಕ ಹಾಕುವವರು ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆಯೂ ಈಗ ಇದ್ದಾರೆ. ಅವರು ಮಾಡುವ ಮೊದಲ ತಪ್ಪು, ಆನ್‌ಲೈನ್ ರಿಯಾಯಿತಿ ನೋಡಿ ಪೂರ್ತಿ ಸೆಟ್ ತರಿಸಿಕೊಳ್ಳುವುದು. ಬಂದು ಬೀಳುವುದು ತಣ್ಣೀರಿನ ದೇಶಗಳಿಗೆಂದು ಮಾಡಿದ ಸಾಮಾನು: 5 ಮಿ.ಮೀ. ದಪ್ಪದ ಸೂಟು, ದಪ್ಪ ಜಾಕೆಟ್ ಬಿಸಿಡಿ (ಸಿಲಿಂಡರ್ ಹೊರುವ, ಗಾಳಿ ತುಂಬಿ ತೇಲಿಸುವ ಜಾಕೆಟ್), ಅಪ್ಪಟ ರಬ್ಬರಿನ ಫಿನ್ಸ್ (ಕಾಲಿಗೆ ತೊಡುವ ಈಜುರೆಕ್ಕೆ). ಎಲ್ಲ ಸೇರಿ 15 ಕೆ.ಜಿ. ಆಚೀಚೆ ತೂಗುತ್ತದೆ. ದೇಶದೊಳಗಿನ ವಿಮಾನಗಳ ಸಾಮಾನ್ಯ ಟಿಕೆಟ್‌ಗೆ ಸಿಗುವ ಚೆಕ್-ಇನ್ ಮಿತಿಯೇ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಇನ್ನು ಬಟ್ಟೆಬರೆ ಎಲ್ಲಿ ತುಂಬುವುದು?

ಇದಕ್ಕೆ ಮಾರುವವರು ತೋರಿಸುವ ದಾರಿ, 'ಟ್ರಾವೆಲ್' ಎಂದು ಹೆಸರಿಟ್ಟ ಹಗುರ ಸಾಮಾನು. ಅಲ್ಲೇ ಎರಡನೆಯ ತಪ್ಪು ಕಾದಿರುತ್ತದೆ. ಡೈವಿಂಗ್ ಸಾಮಾನಿಗೆ ತಕ್ಕಡಿ ಎರಡು, ಒಂದು ವಿಮಾನ ನಿಲ್ದಾಣದ್ದು, ಇನ್ನೊಂದು ಕಡಲಿನದು. ಮೊದಲನೆಯದರಲ್ಲಿ ಹಗುರವಾದದ್ದು ಎರಡನೆಯದರಲ್ಲಿ ಸೊಂಟಕ್ಕೆ ಭಾರ ಕಟ್ಟಿಸುತ್ತದೆ. ಕಿನ್ನಾಳದ ಗೊಂಬೆ ಕೈಗೆ ಹೂವಿನಷ್ಟು ಹಗುರ. ಅದನ್ನೇ ಬಾವಿಯ ತಳ ಮುಟ್ಟಿಸಬೇಕೆಂದರೆ ಕಲ್ಲು ಕಟ್ಟಬೇಕು. ನಿಯೋಪ್ರೀನ್ ಸೂಟು ಮಾಡುವುದೂ ಇದನ್ನೇ. ಅದು ರಬ್ಬರಿನೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಕೂಡಿಹಾಕಿದ ಬಟ್ಟೆ. 3 ಮಿ.ಮೀ. ದಪ್ಪದ ಪೂರ್ಣ ಸೂಟು ಚೀಲದಲ್ಲಿ ಒಂದೂವರೆ ಕೆ.ಜಿ. ಇರಬಹುದು, ನೀರಿನಲ್ಲಿ ಮೈಗಾತ್ರಕ್ಕೆ ತಕ್ಕಂತೆ 2ರಿಂದ 3 ಕೆ.ಜಿ.ಯಷ್ಟು ಮೇಲಕ್ಕೆ ನೂಕುತ್ತದೆ. ಅಷ್ಟು ಸೀಸ ಸೊಂಟಕ್ಕೆ ಬರಬೇಕು. 5 ಮಿ.ಮೀ. ತೊಟ್ಟರೆ ಇನ್ನೂ ಎರಡು ಕೆ.ಜಿ. ಸೇರಿಸಿ. ತೊಂದರೆ ಅಲ್ಲಿಗೂ ನಿಲ್ಲುವುದಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗಿ ಆ ಗುಳ್ಳೆಗಳು ಅರ್ಧಕ್ಕೆ ಕುಗ್ಗುತ್ತವೆ, 20 ಮೀಟರ್‌ನಲ್ಲಿ ಮೂರನೇ ಒಂದು ಭಾಗಕ್ಕೆ ಬರುತ್ತವೆ. ಸೂಟಿನ ಬಲ ಹೋಯಿತು, ಕಟ್ಟಿದ ಸೀಸ ಹಾಗೇ ಉಳಿಯಿತು. ಮುಳುಗುವವನು ಕಲ್ಲಿನ ಹಾಗೆ ಇಳಿಯತೊಡಗುತ್ತಾನೆ, ಬಿಸಿಡಿಗೆ ಗಾಳಿ ತುಂಬುತ್ತಾನೆ, ಮೇಲೇರುವಾಗ ಅದೇ ಗಾಳಿ ಹಿಗ್ಗಿ ಅವನನ್ನು ಎಳೆದೊಯ್ಯುತ್ತದೆ. ಹೊಸಬರು ಆಳದಲ್ಲಿ ಏರಿಳಿತಕ್ಕೆ ಸಿಕ್ಕಿ ಒದ್ದಾಡುವುದಕ್ಕೆ ಸೂಟಿನ ದಪ್ಪ ಮತ್ತು ಅದರ ಹಿಂದೆಯೇ ಬರುವ ಹೆಚ್ಚಿನ ಸೀಸ ಬಹುಪಾಲು ಕಾರಣ.

ಹಾಗಾಗಿ ಹಗುರ ಸಾಮಾನಿನ ಮಾತು ಸೂಟಿನಿಂದ ಶುರುವಾಗಬೇಕು. ನಾವು ಇಳಿಯುವ ನೀರು ನೇತ್ರಾಣಿಯಲ್ಲಾಗಲಿ, ಅಂಡಮಾನಿನ ಸ್ವರಾಜ್ ದ್ವೀಪದಲ್ಲಾಗಲಿ, ಲಕ್ಷದ್ವೀಪದಲ್ಲಾಗಲಿ ಹೆಚ್ಚುಕಡಿಮೆ 27ರಿಂದ 30 ಡಿಗ್ರಿ ಇರುತ್ತದೆ. ಬಳ್ಳಾರಿಯವರಿಗೆ ಇದು ಬೆಚ್ಚಗಿನ ಸ್ನಾನದ ನೀರು ಅನ್ನಿಸುವುದು ಸಹಜ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಎಳೆದುಕೊಳ್ಳುತ್ತದೆ. ಮೊದಲ ಡೈವ್‌ನಲ್ಲಿ ಗೊತ್ತಾಗದ ಚಳಿ ಮೂರನೆಯದರಲ್ಲಿ ಹಲ್ಲು ಕಡಿಸುತ್ತದೆ. ದಿನಕ್ಕೆ ಒಂದೆರಡು ಡೈವ್ ಅಷ್ಟೇ ಎನ್ನುವವರಿಗೆ ಪೂರ್ತಿ ತೋಳು, ಪೂರ್ತಿ ಕಾಲಿನ ಲೈಕ್ರಾ (ಹಿಗ್ಗುವ ತೆಳು ಬಟ್ಟೆಯ ಉಡುಪು) ಸಾಕು, ಕಾಲು ಕೆ.ಜಿ. ತೂಗುತ್ತದೆ, ಸೀಸ ಕೇಳುವುದಿಲ್ಲ, ಜೆಲ್ಲಿಮೀನಿನ ಉರಿ ಮತ್ತು ಬಂಡೆಯ ತರಚಿನಿಂದ ಕಾಯುತ್ತದೆ. ದಿನಕ್ಕೆ ಮೂರು ಡೈವ್, ಅದೂ ನಾಲ್ಕೈದು ದಿನ ಎಂದಾದರೆ 3 ಮಿ.ಮೀ. ಪೂರ್ಣ ಸೂಟೇ ಸರಿ. ತೆಳ್ಳಗಿನವರು, ಬೇಗ ಚಳಿ ಹಿಡಿಯುವವರು ಅದರೊಳಗೆ ಲೈಕ್ರಾ ತೊಟ್ಟುಕೊಳ್ಳಲಿ. ತೊಟ್ಟಾಗ ಬೆನ್ನಿನ ಕೆಳಭಾಗದಲ್ಲಿ, ಕಂಕುಳಲ್ಲಿ ನೀರು ನಿಲ್ಲುವ ಪೊಳ್ಳು ಇರಬಾರದು. ಸಡಿಲ 5 ಮಿ.ಮೀ.ಗಿಂತ ಮೈಗೆ ಕಚ್ಚಿ ಕೂತ 3 ಮಿ.ಮೀ. ಬೆಚ್ಚಗಿರುತ್ತದೆ. ಹತ್ತಿಯ ಟಿ-ಶರ್ಟ್ ಮಾತ್ರ ಬೇಡ. ನೀರು ಹೀರಿ ಜೋತು ಬೀಳುತ್ತದೆ, ಬಿಸಿಡಿ ಪಟ್ಟಿಯ ಕೆಳಗೆ ಮುದುಡಿ ಭುಜ ಕೆತ್ತುತ್ತದೆ.

ಸೀಸ, ಸಿಲಿಂಡರ್ ಎರಡನ್ನೂ ಮನೆಯಿಂದ ಒಯ್ಯುವ ಮಾತೇ ಇಲ್ಲ. ಡೈವ್ ಕೇಂದ್ರದ ಶುಲ್ಕದಲ್ಲೇ ಅವು ಬರುತ್ತವೆ. ನಮ್ಮ ಕರಾವಳಿಯಲ್ಲೂ ದ್ವೀಪಗಳಲ್ಲೂ ಸಾಮಾನ್ಯವಾಗಿ ಸಿಗುವುದು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ತುಂಬಿದಾಗ ಅದರಲ್ಲಿ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. ಗಾಳಿಗೂ ತೂಕವಿದೆ ಎಂಬುದನ್ನು ಇಲ್ಲಿ ಮರೆಯುವ ಹಾಗಿಲ್ಲ: ಅಷ್ಟು ಗಾಳಿ ಎರಡೂವರೆ ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಅದನ್ನು ಉಸಿರಾಡಿ ಮುಗಿಸುತ್ತ ಬಂದಂತೆ ಸಿಲಿಂಡರ್ ತೇಲುವ ಸ್ವಭಾವಕ್ಕೆ ತಿರುಗುತ್ತದೆ. ಆದ್ದರಿಂದ ಸೀಸ ಸರಿಯಾಗಿದೆಯೇ ಎಂದು ನೋಡಬೇಕಾದದ್ದು ಡೈವ್‌ನ ಕೊನೆಯಲ್ಲಿ. 50 ಬಾರ್ ಉಳಿದಿರುವಾಗ, 5 ಮೀಟರ್ ಆಳದ ಮೂರು ನಿಮಿಷದ ನಿಲುಗಡೆಯಲ್ಲಿ, ಬಿಸಿಡಿ ಪೂರ್ತಿ ಖಾಲಿ ಇಟ್ಟುಕೊಂಡು ಅಲುಗಾಡದೆ ನಿಲ್ಲಲು ಆದರೆ ಲೆಕ್ಕ ಸರಿ. ಮೇಲಕ್ಕೆ ಜಾರಿದರೆ ಒಂದು ಕೆ.ಜಿ. ಸೇರಿಸಿ. ನಿಲ್ಲಲು ಬಿಸಿಡಿಗೆ ಗಾಳಿ ಬೇಕಾಯಿತೆಂದರೆ ಒಂದು ಕೆ.ಜಿ. ತೆಗೆಯಿರಿ.

ಊರಿನ ಈಜುಕೊಳದಲ್ಲಿ ಅಭ್ಯಾಸ ಮಾಡಿ ಹೋಗುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಕಡಲ ನೀರು ಸಿಹಿನೀರಿಗಿಂತ ಶೇ 2.5ರಷ್ಟು ಸಾಂದ್ರ. ಮೈತೂಕ 70 ಕೆ.ಜಿ., ತುಂಬಿದ ಸಿಲಿಂಡರ್ 17, ಉಳಿದ ಸಾಮಾನು ಮತ್ತು ಸೀಸ 13 ಎಂದಿಟ್ಟುಕೊಂಡರೆ ಒಟ್ಟು 100 ಕೆ.ಜಿ. ಅದರ ಶೇ 2.5, ಅಂದರೆ ಎರಡೂವರೆ ಕೆ.ಜಿ. ಸೀಸ ಕಡಲಿನಲ್ಲಿ ಹೆಚ್ಚಿಗೆ ಬೇಕು. ಕೊಳದಲ್ಲಿ 2 ಕೆ.ಜಿ.ಯಲ್ಲಿ ಸಲೀಸಾಗಿ ಮುಳುಗಿದವರು ನೇತ್ರಾಣಿಯಲ್ಲಿ ದೋಣಿಯ ಪಕ್ಕದಲ್ಲೇ ತೇಲುತ್ತ ಉಳಿಯುವುದು ಇದಕ್ಕೇ. (ಸಂಪಾದಕರು ಈ ಪತ್ರಕ್ಕೆ ಕತ್ತರಿ ಹಾಕುವುದಾದರೆ ಮುಂದಿನ ಫಿನ್ಸ್ ಭಾಗಕ್ಕೆ ಹಾಕಲಿ, ತೂಕದ ಲೆಕ್ಕಕ್ಕೆ ಬೇಡ.)

ಕೊಳ್ಳುವ ಸರದಿಯಲ್ಲಿ ಮಾಸ್ಕ್ ಮೊದಲು, ಬಿಸಿಡಿ ಕೊನೆಗೆ. ಮಾಸ್ಕ್ ಹಗುರವೂ ಹೌದು, ಬಾಡಿಗೆಯದು ಸರಿ ಹೊಂದದೆ ಹೋದರೆ ಇಡೀ ಡೈವ್ ಹಾಳು ಮಾಡುವ ವಸ್ತುವೂ ಹೌದು. ಒಳಗಿನ ಗಾಳಿಯ ಜಾಗ ಕಡಿಮೆ ಇರುವ, ಎರಡು ಗಾಜಿನ, ಸಿಲಿಕೋನ್ ಅಂಚಿನ ಮಾಸ್ಕ್ ನೋಡಿ. ಗಾಜಿನ ಮೇಲೆ ಟೆಂಪರ್ಡ್ (ಗಟ್ಟಿಗೊಳಿಸಿದ ಗಾಜು) ಎಂಬ ಗುರುತು ಇರಲೇಬೇಕು. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆದರೆ ಕೈಬಿಟ್ಟರೂ ಅಂಟಿಕೊಂಡು ನಿಲ್ಲಬೇಕು. ನಮ್ಮ ಕಡೆಯ ಪೊದೆ ಮೀಸೆಗೂ ಮಾಸ್ಕಿಗೂ ಮಾತ್ರ ಎಣ್ಣೆ ಸೀಗೇಕಾಯಿ ಸಂಬಂಧ: ಅಂಚು ಕೂರುವ ಮೂಗಿನ ಕೆಳಗಿನ ಒಂದು ಕಿರುಬೆರಳಿನಷ್ಟು ಜಾಗ ಬೋಳಿಸಿಕೊಂಡರೆ ಸೋರುವುದು ನಿಲ್ಲುತ್ತದೆ, ಮೀಸೆಯ ಮರ್ಯಾದೆಯೂ ಉಳಿಯುತ್ತದೆ. ಕನ್ನಡಕ ಹಾಕುವವರಿಗೆ ಅರ್ಧರ್ಧ ಪವರಿನ ಅಂತರದಲ್ಲಿ ಸಿದ್ಧ ಗಾಜುಗಳು ಸಿಗುತ್ತವೆ. ಹೊಸ ಮಾಸ್ಕಿನ ಗಾಜಿನ ಒಳಮೈ ಮೇಲೆ ಕಾರ್ಖಾನೆಯ ಸಿಲಿಕೋನ್ ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಐದು ನಿಮಿಷ ತಿಕ್ಕಿ ತೊಳೆದು, ಮತ್ತೆರಡು ಸಲ ಹಾಗೇ ಮಾಡಿ. ಜೆಲ್ ಪೇಸ್ಟ್ ಕೆಲಸಕ್ಕೆ ಬಾರದು, ಅದರಲ್ಲಿ ಉಜ್ಜುವ ಪುಡಿ ಕಡಿಮೆ. ಈ ಪೊರೆ ಹೋಗದಿದ್ದರೆ ಎಷ್ಟು ಉಗುಳು ಸವರಿದರೂ ಮಂಜು ಕವಿಯುತ್ತದೆ.

ಫಿನ್ಸ್ ವಿಷಯ ಚಿಕ್ಕದು. ದೋಣಿಯಿಂದ ಇಳಿದು ದೋಣಿಗೇ ಹತ್ತುವ ನೇತ್ರಾಣಿಯಂಥ ಕಡೆ ಬರಿಗಾಲಿಗೆ ಚಪ್ಪಲಿಯಂತೆ ತೊಡುವ ಫುಲ್-ಫುಟ್ ಫಿನ್ಸ್ ಸಾಕು, ಜೊತೆ ಒಂದೂವರೆ ಕೆ.ಜಿ. ಒಳಗೇ ಸಿಗುತ್ತದೆ. ಹಿಮ್ಮಡಿ ತೆರೆದ ಫಿನ್ಸಿಗೆ ಬೂಟು ಬೇಕು, ಎರಡೂ ಸೇರಿ 3 ಕೆ.ಜಿ. ಮುಟ್ಟುತ್ತದೆ. ದಡದಿಂದ ಹವಳದ ಚೂರುಗಳ ಮೇಲೆ ನಡೆದು ಇಳಿಯುವ ಕಡೆಗೆ ಹೋಗುವವರಿಗೆ ಮಾತ್ರ ಅದು. ಫುಲ್-ಫುಟ್ ಆರಿಸುವಾಗ ಒದ್ದೆ ಕಾಲಿನಲ್ಲಿ ತೊಟ್ಟು ನೋಡಿ, ಹಿಮ್ಮಡಿ ಕಚ್ಚಿದರೆ ಎರಡನೇ ದಿನ ಬೊಬ್ಬೆ ಏಳುವುದು ಖಚಿತ. ತೀರಾ ಗಿಡ್ಡ ಫಿನ್ಸ್ ಚೀಲಕ್ಕೆ ಚೆಂದ, ಸೆಳೆತವಿರುವ ನೀರಿನಲ್ಲಿ ಕಾಲು ಸೋಲಿಸುತ್ತವೆ.

ಈಗ ಬಿಸಿಡಿ. ಮಾಮೂಲಿ ಜಾಕೆಟ್ಟು ಮೂರೂವರೆ ನಾಲ್ಕು ಕೆ.ಜಿ. ತೂಗಿದರೆ, ಬೆನ್ನಿನ ಗಟ್ಟಿ ಪ್ಲಾಸ್ಟಿಕ್ ತೆಗೆದು ಮಡಚುವಂತೆ ಮಾಡಿದ ಟ್ರಾವೆಲ್ ಬಿಸಿಡಿ ಎರಡು ಎರಡೂವರೆಗೆ ಇಳಿಯುತ್ತದೆ. ಇನ್ನೊಂದು ಬಗೆ, ತಗಡಿನ ಬೆನ್ನು ಮತ್ತು ಅದರ ಹಿಂದೆ ಗಾಳಿಚೀಲ. ಇದರಲ್ಲಿ ಸ್ಟೀಲ್ ತಗಡು ಎರಡೂವರೆ ಕೆ.ಜಿ. ಇದ್ದರೆ ಅಲ್ಯೂಮಿನಿಯಂ ತಗಡು ಒಂದು ಕೆ.ಜಿ. ಒಳಗೆ. ಸ್ಟೀಲ್ ತಗಡು ಇದ್ದರೆ ಸೊಂಟದ ಸೀಸ ಅಷ್ಟೇ ಇಳಿಯುತ್ತದಲ್ಲ ಎಂದು ವಾದಿಸುವವರಿದ್ದಾರೆ. ನಿಜ, ಆದರೆ ಸೀಸ ಅಲ್ಲಿ ಪುಕ್ಕಟೆ ಸಿಗುವಾಗ ಅದೇ ತೂಕವನ್ನು ದುಡ್ಡು ಕೊಟ್ಟು ವಿಮಾನದಲ್ಲಿ ಹೊರುವುದೇಕೆ? ಸ್ಟೀಲ್ ಮನೆಯಲ್ಲಿರಲಿ.

ಎಷ್ಟು ಎತ್ತುವ ಬಲ ಬೇಕು ಎಂಬುದರಲ್ಲಿ ಗೊಂದಲ ಜಾಸ್ತಿ. 20 ಕೆ.ಜಿ. ಎತ್ತುವ ಚೀಲ ಎಂದರೆ ಒಳ್ಳೆಯದು ಎಂಬ ನಂಬಿಕೆ ಇದೆ. ಬೆಚ್ಚಗಿನ ನೀರಿಗೆ ಅದು ದಂಡ. ಚೀಲ ಸರಿದೂಗಿಸಬೇಕಾದದ್ದು ಎರಡೇ: ಸಿಲಿಂಡರಿನೊಳಗಿನ ಗಾಳಿಯ ಎರಡೂವರೆ ಚಿಲ್ಲರೆ ಕೆ.ಜಿ., ಆಳದಲ್ಲಿ ಸೂಟು ಕಳೆದುಕೊಳ್ಳುವ, ಹೆಚ್ಚೆಂದರೆ, ಎರಡೂವರೆ ಕೆ.ಜಿ. ಒಟ್ಟು ಐದಾರು. ಮೇಲೆ ಬಂದಾಗ ತಲೆ ನೀರಿನಿಂದ ಆಚೆ ನಿಲ್ಲಲು ಇನ್ನೈದು ಹಿಡಿಯಿರಿ. 10ರಿಂದ 13 ಕೆ.ಜಿ. ಎತ್ತುವ ಚೀಲ ಧಾರಾಳ. ದೊಡ್ಡ ಚೀಲದಲ್ಲಿ ಗಾಳಿ ಅತ್ತಿತ್ತ ಓಡಾಡುತ್ತದೆ, ಮೂಲೆಯಲ್ಲಿ ಸಿಕ್ಕಿಕೊಂಡು ಹೊರಹಾಕಲು ಸತಾಯಿಸುತ್ತದೆ.

ಟ್ರಾವೆಲ್ ಬಿಸಿಡಿಯಲ್ಲಿ ತೂಕ ಉಳಿಸಿದ್ದು ಎಲ್ಲಿ ಎಂದು ಕೈಯಿಟ್ಟು ನೋಡಬೇಕು. ಬಟ್ಟೆ ತೆಳುವಾದರೆ ತಗಡಿಗೂ ಸಿಲಿಂಡರಿಗೂ ನಡುವೆ ಮಡಿಕೆ ಸಿಕ್ಕಿ ಸೂಜಿತೂತು ಬೀಳುತ್ತದೆ. ಮನೆಯಲ್ಲಿ ಬಾಯಿಂದ ಗಟ್ಟಿಯಾಗಿ ಊದಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೆತ್ತಗಾಗಿದೆಯೇ ನೋಡಿ; ಮೆತ್ತಗಾಗಿದ್ದರೆ ಸೋಪಿನ ನೀರು ಸವರಿ ಗುಳ್ಳೆ ಏಳುವ ಜಾಗ ಹುಡುಕಿ. ಸಿಲಿಂಡರ್ ಬಿಗಿಯುವ ಪಟ್ಟಿ ಒಂದೇ ಇದ್ದರೆ ಒದ್ದೆಯಾದ ಮೇಲೆ ಸಡಿಲವಾಗಿ ಸಿಲಿಂಡರ್ ಜಾರುತ್ತದೆ. ಪಟ್ಟಿಯನ್ನು ಮೊದಲು ನೀರಲ್ಲಿ ನೆನೆಸಿ ಆಮೇಲೆ ಬಿಗಿಯಬೇಕು, ಕವಾಟ ಹಿಡಿದು ಎತ್ತಿ ಅಲುಗಿಸಿದರೆ ಬಿಸಿಡಿ ಕೆಳಗೆ ಸರಿಯಬಾರದು. ಪ್ಲಾಸ್ಟಿಕ್ ಕೊಂಡಿ ಚೀಲದೊಳಗೆ ಒತ್ತಿಗೆ ಸಿಕ್ಕಿ ಮುರಿಯುವುದು ಹೆಚ್ಚು. ಒಂದು ಹೆಚ್ಚುವರಿ ಕೊಂಡಿಗೆ ಎಷ್ಟು ತೂಕ?

ಈ ವಿಷಯದಲ್ಲಿ ಬಳ್ಳಾರಿಯವರಿಗೆ ಬೇರೆಯವರಿಗಿಲ್ಲದ ಅನುಕೂಲವೊಂದಿದೆ. ಜೀನ್ಸ್ ಹೊಲಿಯುವ ಭಾರಿ ಯಂತ್ರಗಳು ಓಣಿಗೊಂದು ಸಿಗುವ ಊರಿದು. ಒದ್ದೆ ಸಾಮಾನು ಒಯ್ಯುವ ಜಾಲರಿ ಚೀಲ, ಸಿಲಿಂಡರ್ ಪಟ್ಟಿಗೆ ಪೋಣಿಸುವ ಒಂದೊಂದು ಕೆ.ಜಿ. ಸೀಸದ ಜೇಬು, ಇವನ್ನು ಆನ್‌ಲೈನ್‌ನಲ್ಲಿ ದುಬಾರಿಗೆ ತರಿಸುವ ಅಗತ್ಯವಿಲ್ಲ. ನೈಲಾನ್ ಪಟ್ಟಿ, ಜಾಲರಿ ಕೊಟ್ಟು ಹೊಲಿಸಿಕೊಳ್ಳಬಹುದು. ಷರತ್ತು ಎರಡು. ಜೀನ್ಸಿಗೆ ಹಾಕುವ ಹತ್ತಿ ಮಿಶ್ರಿತ ದಾರ ಉಪ್ಪುನೀರಿನಲ್ಲಿ ಕೊಳೆಯುತ್ತದೆ, ಅಪ್ಪಟ ಪಾಲಿಯೆಸ್ಟರ್ ಅಥವಾ ನೈಲಾನ್ ದಾರವೇ ಇರಲಿ. ಜಿಪ್ ಪ್ಲಾಸ್ಟಿಕ್ ಹಲ್ಲಿನದಿರಲಿ, ಲೋಹದ್ದು ಎರಡೇ ಪ್ರವಾಸಕ್ಕೆ ಹಸಿರುಗಟ್ಟಿ ಕಚ್ಚಿಕೊಳ್ಳುತ್ತದೆ. ಬಿಸಿಡಿಯ ಗಾಳಿಚೀಲಕ್ಕೆ ಮಾತ್ರ ಯಾರೂ ಸೂಜಿ ಹಾಕಿಸಬೇಡಿ.

ಇನ್ನು ರೆಗ್ಯುಲೇಟರ್. ಸಿಲಿಂಡರಿನ ಒತ್ತಡವನ್ನು ಎರಡು ಹಂತದಲ್ಲಿ ಇಳಿಸಿ ಬಾಯಿಗೆ ಗಾಳಿ ಕೊಡುವ ಸಾಧನ; ಸಿಲಿಂಡರಿಗೆ ಕೂರುವ ಭಾಗ ಮೊದಲ ಹಂತ, ಬಾಯಿಗಿಡುವ ಭಾಗ ಎರಡನೇ ಹಂತ. ತಣ್ಣೀರಿನವರು ಹೆಪ್ಪುಗಟ್ಟದಿರಲೆಂದು ಮೊದಲ ಹಂತಕ್ಕೆ ಮುಚ್ಚಿದ ಕೋಶ ಹಾಕಿಸುತ್ತಾರೆ. 28 ಡಿಗ್ರಿಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ಆ ತೂಕ ಬಿಡಬಹುದು. ಡೈವ್ ಆದ ಮೇಲೆ ನೆಟ್ಟಗೆ ತೊಳೆಯಲು ಸೋಮಾರಿತನ ಮಾಡುವವರಿಗೆ ಮಾತ್ರ ಮುಚ್ಚಿದ್ದೇ ಮೇಲು, ಉಪ್ಪು ಮರಳು ಒಳಗೆ ಹೋಗುವುದಿಲ್ಲ. ಸಿಲಿಂಡರಿಗೆ ಜೋಡಿಸುವ ಬಗೆ ಎರಡು, ಮೇಲಿಂದ ಹಿಡಿದು ಬಿಗಿಯುವ ಯೋಕ್, ಒಳಗೆ ತಿರುಪುವ ಡಿನ್. ಡಿನ್ ಹಗುರ, ಗಟ್ಟಿಯೂ ಹೌದು. ಆದರೆ ಬೆಚ್ಚಗಿನ ನೀರಿನ ಪ್ರವಾಸಿ ಕೇಂದ್ರಗಳಲ್ಲಿ ಯೋಕ್‌ನದೇ ರೂಢಿ. ಡಿನ್ ಕೊಂಡವರು ಯೋಕ್ ಅಡಾಪ್ಟರ್ ಹೊತ್ತೇ ಹೋಗಬೇಕು, ಅಲ್ಲಿಗೆ ಉಳಿಸಿದ ತೂಕ ವಾಪಸ್ ಬಂತು. ಹೊಸಬರು ಯೋಕ್ ಕೊಳ್ಳಲಿ.

ಯೋಕ್‌ನ ದೌರ್ಬಲ್ಯ ಒಂದು ಬಳೆಯಷ್ಟೇ: ಸಿಲಿಂಡರ್ ಕವಾಟದ ಮುಖದಲ್ಲಿರುವ ರಬ್ಬರಿನ ಓ-ರಿಂಗ್. ಅದು ಕೇಂದ್ರದ ಸ್ವತ್ತು, ದಿನಕ್ಕೆ ಹತ್ತು ಜನರ ಕೈ ಬಿದ್ದು ಸವೆದಿರುತ್ತದೆ. ರೆಗ್ಯುಲೇಟರ್ ಕೂರಿಸುವ ಮೊದಲು ಬೆರಳ ತುದಿಯಿಂದ ಸುತ್ತ ಸವರಿ. ಗೀರು, ಚಪ್ಪಟೆ, ಮರಳು ಸಿಕ್ಕರೆ ಬದಲಿಸಿ. ಕವಾಟ ತೆರೆದಾಗ 'ಸ್‌ಸ್' ಎಂದು ಸದ್ದು ಬಂದರೆ ಯೋಕ್ ಇನ್ನಷ್ಟು ಬಿಗಿಯುವುದಲ್ಲ, ಮುಚ್ಚಿ, ಒತ್ತಡ ಇಳಿಸಿ, ಬಿಚ್ಚಿ ಓ-ರಿಂಗ್ ನೋಡಬೇಕು. ಆಮೇಲೆ ಒತ್ತಡದ ಮಾಪಕ ನೋಡುತ್ತ ನಾಲ್ಕು ಸಲ ಉಸಿರೆಳೆಯಿರಿ. ಪ್ರತಿ ಉಸಿರಿಗೆ ಮುಳ್ಳು ಕುಸಿದು ಮೇಲೇಳುತ್ತಿದ್ದರೆ ಕವಾಟ ಪೂರ್ತಿ ತೆರೆದಿಲ್ಲ. ಬಾಯಿಗಿಡದೆಯೂ ಎರಡನೇ ಹಂತದಿಂದ ಗಾಳಿ ಸಣ್ಣಗೆ ಸೋರುತ್ತಿದ್ದರೆ ಒಳಗಿನ ಸೀಟು ಸವೆದಿರಬಹುದು. ಅದು ಸರ್ವೀಸ್‌ನ ಕೆಲಸ, ದೋಣಿಯ ಮೇಲಿನದಲ್ಲ. ಹಾಗಾಗಿ ಕೊಳ್ಳುವ ಮುನ್ನವೇ ಆ ಬ್ರ್ಯಾಂಡಿನ ಸರ್ವೀಸ್ ಕಿಟ್ ನಮ್ಮ ದೇಶದಲ್ಲಿ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಎಷ್ಟೇ ಹಗುರವಿದ್ದರೂ ಬೇಡ.

ಹೋಸ್‌ಗಳ, ಅಂದರೆ ಗಾಳಿ ಸಾಗಿಸುವ ಕೊಳವೆಗಳ, ಬಗ್ಗೆ ಒಂದು ಎಚ್ಚರ. ರಬ್ಬರಿಗಿಂತ ನೂಲಿನಿಂದ ಹೆಣೆದ ಹೋಸ್ ಹಗುರ, ಬಾಗುವುದೂ ಸಲೀಸು, ಟ್ರಾವೆಲ್ ಸೆಟ್‌ಗಳಲ್ಲಿ ಅದೇ ಬರುತ್ತದೆ. ಆದರೆ ಇಂಥ ಕೆಲವು ಹೋಸ್‌ಗಳ ಒಳಪದರ ಶಾಖಕ್ಕೆ ಹಾಳಾಗಿ, ಒಳಗೆ ಹರಳುಗಟ್ಟಿ ಗಾಳಿಯ ದಾರಿ ಕಟ್ಟಿಕೊಂಡ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ. ಹೊರಗಿನಿಂದ ಹೋಸ್ ಹೊಸದರಂತೆಯೇ ಕಾಣುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ಕಾಯುವ ನಮ್ಮ ಜಿಲ್ಲೆಗಳಲ್ಲಿ ಕಾರಿನ ಡಿಕ್ಕಿಯಲ್ಲಿ, ತಗಡಿನ ಅಟ್ಟದಲ್ಲಿ ರೆಗ್ಯುಲೇಟರ್ ಇಡುವವರು ಇದನ್ನು ಗಮನಿಸಬೇಕು. ಮನೆಯ ತಂಪಾದ ಕೋಣೆಯಲ್ಲಿ, ದೊಡ್ಡ ಸುತ್ತಾಗಿ ಸುತ್ತಿ ಇಡಿ, ಐದು ವರ್ಷಕ್ಕೆ ಹೋಸ್ ಬದಲಿಸಿ. ಹೆಚ್ಚುವರಿ ಬಾಯಿಕೊಳವೆಯನ್ನು ಬಿಸಿಡಿಯ ಗಾಳಿಗುಂಡಿಯಲ್ಲೇ ಸೇರಿಸಿ ಒಂದು ಹೋಸ್ ಉಳಿಸುವ ಮಾದರಿಗಳೂ ಇವೆ. ತುರ್ತಿನಲ್ಲಿ ನಿಮ್ಮ ಬಾಯಿಯದನ್ನು ಜೊತೆಗಾರನಿಗೆ ಕೊಟ್ಟು ನೀವು ಎದೆಯ ಮೇಲಿನ ಗಿಡ್ಡ ಹೋಸ್‌ಗೆ ಬಾಯಿ ಹಚ್ಚಬೇಕು, ಅದರ ಜೊತೆಗೇ ಬಿಸಿಡಿಯ ಗಾಳಿಯನ್ನೂ ಬಿಡುತ್ತಿರಬೇಕು. ನೂರಾರು ಡೈವ್ ಮಾಡಿದವರಿಗೆ ಸರಿ, ಇಪ್ಪತ್ತು ಮಾಡಿದವರಿಗಲ್ಲ.

ತೂಕ ಉಳಿಸುವ ಹುಮ್ಮಸ್ಸಿನಲ್ಲಿ ಮನೆಯಲ್ಲೇ ಬಿಟ್ಟುಹೋಗುವ ಒಂದು ವಸ್ತುವಿದೆ: ಕಿತ್ತಳೆ ಬಣ್ಣದ ಉದ್ದನೆಯ ಗುರುತಿನ ಚೀಲ, ಎಸ್‌ಎಂಬಿ. ಒಂದೂವರೆ ಮೀಟರ್ ಚೀಲ, 15-20 ಮೀಟರ್ ದಾರದ ಸುರುಳಿ, ಒಂದು ಸೀಟಿ, ಎಲ್ಲ ಸೇರಿ ಅರ್ಧ ಕೆ.ಜಿ. ಸೆಳೆತಕ್ಕೆ ಸಿಕ್ಕಿ ದೋಣಿಯಿಂದ 300 ಮೀಟರ್ ಆಚೆ ಎದ್ದವನ ತಲೆ ಅಲೆಗಳ ನಡುವೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ದೋಣಿಯವನಿಗೆ ಕಾಣುವುದು ಈ ಚೀಲ. ದಾರ ಕತ್ತರಿಸುವ ಸಣ್ಣ ಕಟರ್ ಕೂಡ ಬೇಕು, ಬಂಡೆಗಳಲ್ಲಿ ಮೀನಿನ ಬಲೆಯ ತುಂಡುಗಳು ಸಿಕ್ಕಿಕೊಂಡಿರುತ್ತವೆ. ಅದು ಚೆಕ್-ಇನ್ ಚೀಲಕ್ಕೆ. ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ನೂರು ಗ್ರಾಂ ಇರಬಹುದು, ಅದನ್ನು ಬಾಡಿಗೆಗೆ ಪಡೆಯುವುದಕ್ಕಿಂತ ಸ್ವಂತ ಇರುವುದು ಮೇಲು. ಹಿಂದಿನ ಡೈವ್‌ಗಳಿಂದ ಮೈಯಲ್ಲಿ ಉಳಿದ ನೈಟ್ರೋಜನ್ ಲೆಕ್ಕ ಅದರಲ್ಲೇ ಉಳಿಯುತ್ತದೆ.

ಹೀಗೆ ಆರಿಸಿದರೆ ಚೀಲ ಎಷ್ಟು ತೂಗೀತು? ಬಿಸಿಡಿ 2.3, ರೆಗ್ಯುಲೇಟರ್ ಮಾಪಕ ಸಹಿತ 1.8, ಸೂಟು 1.6, ಫಿನ್ಸ್ 1.5, ಎಸ್‌ಎಂಬಿ ಅರ್ಧ, ಜಾಲರಿ ಚೀಲ ಅರ್ಧ, ಮಾಸ್ಕ್ ಡಬ್ಬಿ ಸಹಿತ 0.4, ಟಾರ್ಚ್, ಕಂಪ್ಯೂಟರ್, ಬಿಡಿಭಾಗ ಸೇರಿ 0.7. ಒಟ್ಟು ಒಂಬತ್ತು ಕೆ.ಜಿ. ಮೇಲೆ ಸ್ವಲ್ಪ. ಬಿಡಿಭಾಗ ಎಂದರೆ ನಾಲ್ಕು ಓ-ರಿಂಗ್, ಬಾಯಿಹಿಡಿ ಒಂದು, ಅದನ್ನು ಬಿಗಿಯುವ ಪ್ಲಾಸ್ಟಿಕ್ ಟೈ, ಮಾಸ್ಕ್ ಪಟ್ಟಿ, ಅಲೆನ್ ಕೀ, ಅಷ್ಟೇ. ರೆಗ್ಯುಲೇಟರ್, ಕಂಪ್ಯೂಟರ್, ಮಾಸ್ಕ್ ಕೈಚೀಲದಲ್ಲಿ ಬರಲಿ. ದೊಡ್ಡ ಚೀಲ ತಪ್ಪಿಹೋದರೂ ಬಿಸಿಡಿ, ಫಿನ್ಸ್ ಬಾಡಿಗೆಗೆ ಸಿಗುತ್ತವೆ. ಟಾರ್ಚಿನ ಲಿಥಿಯಂ ಬ್ಯಾಟರಿ ಬಿಚ್ಚಿ, ತುದಿಗೆ ಟೇಪು ಅಂಟಿಸಿ ಕೈಚೀಲಕ್ಕೇ ಹಾಕಬೇಕು. ಮರಳುವಾಗ ಸೂಟು ಒದ್ದೆಯಿದ್ದರೆ ಹೋಗುವಾಗಿನ ಎರಡು ಪಟ್ಟು ತೂಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಮರಾವತಿ ಎಕ್ಸ್‌ಪ್ರೆಸ್ ಹಿಡಿದು ಗೋವಾಕ್ಕೆ ಹೋಗುವವರಿಗೆ ಈ ತೂಕದ ತಲೆನೋವಿಲ್ಲ, ಆದರೆ ಕಡಲಿನ ತಕ್ಕಡಿ ಅವರಿಗೂ ಅದೇ.

ಹೊಸ ಸಾಮಾನು ಬಂದೊಡನೆ ತುಂಗಭದ್ರೆಯಲ್ಲಿ ಒಮ್ಮೆ ನೋಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಹೂಳಿನ ನೀರಿನಲ್ಲಿ ಮೊಳದ ಮುಂದೆ ಕಾಣುವುದಿಲ್ಲ, ಮೀನುಗಾರರ ಬಲೆಗಳಿರುತ್ತವೆ, ನದಿಯಲ್ಲಿ ಮೊಸಳೆಗಳೂ ಇವೆ. ರಾಯಚೂರಿನವರಿಗೆ ಕೃಷ್ಣೆಯ ಬಗ್ಗೆ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಗೇಟು, ತೂಬು, ಕಾಲುವೆ ಬಾಯಿಗಳ ಸೆಳೆತ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನೀರಿನ ಒತ್ತಡ ಎಂಥದ್ದೆಂದು ಎಲ್ಲರೂ ನೋಡಿದ್ದೇವೆ. ಸಣ್ಣ ತೂಬಿನ ಮುಂದೆಯೂ ಅದೇ ಬಲ ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ, ಮೈ ಅಂಟಿಕೊಂಡರೆ ಬಿಡಿಸಿಕೊಳ್ಳಲಾಗದು. ಜೊತೆಗೆ ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಅಂದರೆ ಸುಮಾರು 498 ಮೀಟರ್. ಸಮುದ್ರಮಟ್ಟದಿಂದ 300 ಮೀಟರ್ ಮೇಲಿನ ನೀರಿಗೆ ಡೈವ್ ಲೆಕ್ಕಾಚಾರವೇ ಬೇರೆ, ಅದಕ್ಕೆ ಪ್ರತ್ಯೇಕ ತರಬೇತಿ ಬೇಕು. ಪರೀಕ್ಷೆ ಈಜುಕೊಳದಲ್ಲಿ, ತರಬೇತುದಾರರ ಎದುರೇ ಆಗಲಿ.

ಮನೆಗೆ ತಂದ ಮೇಲಿನ ಆರೈಕೆಯಲ್ಲಿ ನಮ್ಮ ಭಾಗಕ್ಕೆ ಮೂರು ವೈರಿಗಳು. ಒಂದು ಸವಳು ನೀರು. ಕಡಲಿನ ಉಪ್ಪು ತೊಳೆಯಲು ಬೋರ್‌ವೆಲ್ ನೀರು ಹಾಕಿದರೆ ಒಣಗಿದ ಮೇಲೆ ಬಿಳಿ ಸುಣ್ಣ ಕೂರುತ್ತದೆ, ಗುಂಡಿಗಳು ಗರಗರ ಅನ್ನುತ್ತವೆ. ಮೊದಲ ನೆನೆಸಾಟ ಯಾವ ನೀರಿನಲ್ಲಾದರೂ ಆಗಲಿ, ಕೊನೆಯ ಜಾಲಾಟಕ್ಕೆ ಎರಡು ಕೊಡ ಶುದ್ಧ ನೀರಿನ ಘಟಕದ ನೀರು ತನ್ನಿ. ರೆಗ್ಯುಲೇಟರಿನ ಮೊದಲ ಹಂತದ ಮುಚ್ಚಳ ಒಣಗಿಸಿ ಹಾಕಿದ ಮೇಲೆಯೇ ನೀರಿಗಿಳಿಸಿ, ನೆನೆಯುವಾಗ ಎರಡನೇ ಹಂತದ ಪರ್ಜ್ ಗುಂಡಿ (ಒತ್ತಿದರೆ ಗಾಳಿ ಹೊರಬಿಡುವ ಗುಂಡಿ) ಒತ್ತಬೇಡಿ. ಒತ್ತಿದರೆ ಹೋಸ್ ಮೂಲಕ ನೀರು ಹಿಂದಕ್ಕೆ ಹೋಗಿ ಮೊದಲ ಹಂತ ಒಳಗಿನಿಂದ ಕಿಲುಬುಗಟ್ಟುತ್ತದೆ. ಬಿಸಿಡಿಯ ಚೀಲದೊಳಗೂ ಒಂದು ಲೀಟರ್ ನೀರು ಬಿಟ್ಟು ಕುಲುಕಿ ಸುರಿದು, ಅರ್ಧ ಊದಿ ನೆರಳಲ್ಲಿ ತೂಗುಹಾಕಿ. ಎರಡನೆಯದು ಬಿಸಿಲು, ಸೂಟು, ಮಾಸ್ಕ್, ಫಿನ್ಸ್ ಯಾವುದನ್ನೂ ಮಾಳಿಗೆಯ ಮೇಲೆ ಒಣಹಾಕಬಾರದು. ಮೂರನೆಯದು ಬಳ್ಳಾರಿ, ಸಂಡೂರು ಕಡೆಯ ಅದಿರಿನ ಕೆಂಪು ದೂಳು. ಕಿಟಕಿ ಮುಚ್ಚಿದರೂ ಒಳಬರುವ ಆ ದೂಳು ಜಿಪ್ಪಿನ ಹಲ್ಲಿಗೆ, ಎರಡನೇ ಹಂತದ ತೆಳು ಪೊರೆಗೆ ಕೂತರೆ ಉಸಿರೆಳೆದಾಗ ಹನಿ ನೀರು ಬಾಯಿಗೆ ಬರತೊಡಗುತ್ತದೆ. ಗಾಳಿಯಾಡದ ಮುಚ್ಚಳದ ಡಬ್ಬಿಯೇ ಮದ್ದು. ಬಾಯಿಹಿಡಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಡಿ, ಜಿರಳೆಗೆ ಅದಕ್ಕಿಂತ ಒಳ್ಳೆಯ ಮನೆ ಸಿಗದು.

ವಾಪಸಾಗುವ ದಾರಿಯ ಬಗ್ಗೆ ಒಂದು ಮಾತು ಉಳಿಯಿತು. ಮೈಯಲ್ಲಿ ಉಳಿದ ನೈಟ್ರೋಜನ್ ಇಳಿಯಲೆಂದು, ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ 18 ಗಂಟೆ ವಿಮಾನ ಹತ್ತಬಾರದು ಎಂಬುದು ಎಲ್ಲರಿಗೂ ಪಾಠವಾಗಿರುತ್ತದೆ. ಬಸ್ಸಿಗೆ ಆ ನಿಯಮವಿಲ್ಲ ಎಂದುಕೊಂಡು ಮಧ್ಯಾಹ್ನ ದೋಣಿ ಇಳಿದು ಸಂಜೆಯೇ ಘಟ್ಟ ಹತ್ತುವವರು ಬಹಳ. ಶಿರಸಿ, ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಆಸುಪಾಸಿನಲ್ಲಿವೆ, ಈ ಕಾಯುವ ನಿಯಮ ಶುರುವಾಗುವುದೂ ಆ ಎತ್ತರದಿಂದಲೇ. ಎರಡು ಮೂರು ಡೈವ್ ಮಾಡಿದವರು ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಮರುದಿನ ಊಟ ಮುಗಿಸಿ ಬಸ್ ಹತ್ತಲಿ. ಅಷ್ಟರಲ್ಲಿ ಸೂಟೂ ಒಣಗಿರುತ್ತದೆ.

ಇಂತಿ,
ಡೈವಿಂಗ್ ಬಲ್ಲ ಓದುಗರು, ತೋರಣಗಲ್ಲು, ಬಳ್ಳಾರಿ ಜಿಲ್ಲೆ